ನಾಲ್ಕು ಮಾರ್ಕಿನ ಹಸಿರುಮನೆ

ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನೊಂದು ಮನೆ ಬರೆದಿದ್ದೆ. ಪ್ರಶ್ನೆ ಹೀಗಿತ್ತು: 'ಹಸಿರುಮನೆ ಪರಿಣಾಮವನ್ನು ಚಿತ್ರಸಹಿತ ವಿವರಿಸಿ.' ನಾಲ್ಕು ಮಾರ್ಕು. ವಿವರಣೆ ಬಾಯಿಪಾಠ ಆಗಿತ್ತು. ಇಂಗಾಲದ ಡೈಆಕ್ಸೈಡು, ಮೀಥೇನು, ಅತಿಗೆಂಪು ಕಿರಣ ಎಲ್ಲ ಸಾಲಾಗಿ ಬಂದವು. ಚಿತ್ರ ಮಾತ್ರ ಗೊತ್ತಿರಲಿಲ್ಲ. ಹಂಚಿನ ಮಾಡು, ನಡುವೆ ಬಾಗಿಲು, ಆಚೀಚೆ ಎರಡು ಕಿಟಕಿ, ಪಕ್ಕದಲ್ಲೊಂದು ತೆಂಗಿನಮರ, ಮೇಲೆ ನಗುವ ಸೂರ್ಯ. ಆಮೇಲೆ ಪಕ್ಕದವಳ ಹತ್ತಿರ ಕ್ರೆಯಾನ್ ಇಸ್ಕೊಂಡು ಗೋಡೆಗೆಲ್ಲ ಒತ್ತಿ ಒತ್ತಿ ಹಸಿರು ತುಂಬಿದೆ. ಹೆಸರೇ ಹಸಿರುಮನೆ ಅಲ್ವಾ?

ವಿವರಣೆಗೆ ಎರಡು ಮಾರ್ಕು ಬಂತು. ಚಿತ್ರಕ್ಕೆ ದುಂಡಗಿನ ಸೊನ್ನೆ. ಸೈನ್ಸ್ ಮೇಷ್ಟ್ರು ಪೇಪರ್ ಕೊಡುವಾಗ ನನ್ನ ಮನೆಯನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು. ಆದರೆ ಅವತ್ತು ಆ ಕೋಣೆಯಲ್ಲಿ ನಕ್ಕವರಲ್ಲಿ ಒಬ್ಬರೂ ಹಸಿರುಮನೆ ಅನ್ನೋದನ್ನು ಕಣ್ಣಾರೆ ನೋಡಿರಲಿಲ್ಲ, ಮೇಷ್ಟ್ರೂ ಸೇರಿ. 'ಅದು ಗಾಜಿನ ಮನೆ ಕಣಮ್ಮ, ಲಾಲ್‌ಬಾಗಲ್ಲಿ ಐತಲ್ಲ ಹಂಗೆ' ಅಂದರು. ಗಾಜಿನ ಮನೆಯಾದರೆ ಗಾಜಿನ ಮನೆ ಅಂತಲೇ ಕರೆಯಬಹುದಿತ್ತಲ್ಲ, ಹಸಿರು ಎಲ್ಲಿಂದ ಬಂತು ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಮೊನ್ನೆ ಅದೇ ಪ್ರಶ್ನೆ ಇನ್ನೊಂದು ಬಾಗಿಲಿಂದ ಒಳಗೆ ಬಂತು. ಮಗಳು ಪ್ರಾಜೆಕ್ಟ್ ಮಾಡುತ್ತಾ ಕೂತಿದ್ದಳು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಗು. 'ಅಮ್ಮಾ, ಗ್ರೀನ್ ಎನರ್ಜಿ ಒಳ್ಳೇದು, ಗ್ರೀನ್ ಬಿಲ್ಡಿಂಗ್ ಒಳ್ಳೇದು, ಗ್ರೀನ್ ಅಂದ್ರೇನೇ ಒಳ್ಳೇದು. ಮತ್ತೆ ಗ್ರೀನ್‌ಹೌಸ್ ಗ್ಯಾಸ್ ಒಂದು ಮಾತ್ರ ಯಾಕೆ ಕೆಟ್ಟದ್ದು?' ಅಂದಳು. ಕುಕ್ಕರ್ ಮೂರನೇ ಸಲ ಕೂಗಿದ್ದರಿಂದ ಸದ್ಯಕ್ಕೆ ತಪ್ಪಿಸಿಕೊಂಡೆ. ರಾತ್ರಿ ಮಾತ್ರ ಕೂತು ಓದಿದೆ. ಅವತ್ತಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಮೊದಲು ನಮ್ಮ ಕಡೆಯಿಂದಲೇ ನೋಡೋಣ. ಕನ್ನಡದಲ್ಲಿ ಮನೆ ಅಂತ ಮುಗಿಯುವ ಪದಗಳನ್ನು ಸುಮ್ನೆ ಒಮ್ಮೆ ಹೇಳಿಕೊಳ್ಳಿ. ಅಡುಗೆಮನೆ, ಬಚ್ಚಲುಮನೆ, ದೇವರಮನೆ, ಗರಡಿಮನೆ, ಸೆರೆಮನೆ, ಆಲೆಮನೆ, ಅರಮನೆ. ಒಳಗೆ ಏನು ನಡೆಯುತ್ತೆ ಅಥವಾ ಒಳಗೆ ಯಾರಿದ್ದಾರೆ, ಇಷ್ಟೇ ನಮ್ಮ ಲೆಕ್ಕ. ಮನೆಗೆ ಬಳಿದ ಬಣ್ಣದಿಂದ ಹುಟ್ಟಿದ ಪದ ಒಂದೂ ನನಗೆ ನೆನಪಾಗುತ್ತಿಲ್ಲ. ಹಾಗಾಗಿ ಹಸಿರುಮನೆ ಅನ್ನುವಾಗ ಕಿವಿ ಎಡವುತ್ತೆ. ಹಸಿರು ಅಂದ ಕೂಡಲೇ ನಮಗೆ ಬಣ್ಣ ಕಾಣುತ್ತೆ, ಬಣ್ಣ ಕಂಡ ಮೇಲೆ ಕ್ರೆಯಾನ್ ಕೈಗೆ ಬರುತ್ತೆ.

ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು 1660ರ ದಶಕದಲ್ಲಿ. ಲಂಡನ್ನಿನ ಹತ್ತಿರ ಡೆಟ್‌ಫರ್ಡ್‌ನಲ್ಲಿ ಜಾನ್ ಎವೆಲಿನ್ ಅನ್ನುವ ಸಿರಿವಂತರೊಬ್ಬರಿದ್ದರು. ತೋಟದ ಹುಚ್ಚು, ಬರೆಯುವ ಹುಚ್ಚು, ಎರಡೂ ಇದ್ದ ಮನುಷ್ಯ. 1664ರಲ್ಲಿ ಅವರು ತೋಟಗಾರರಿಗಾಗಿ ಒಂದು ಪಂಚಾಂಗ ಬರೆದರು. ಯಾವ ತಿಂಗಳು ಏನು ಬಿತ್ತಬೇಕು, ಯಾವುದನ್ನು ಕತ್ತರಿಸಬೇಕು, ಯಾವ ಗಿಡವನ್ನು ಯಾವಾಗ ಒಳಗೆ ಇಡಬೇಕು ಅಂತ. ಗ್ರೀನ್‌ಹೌಸ್ ಅನ್ನುವ ಮಾತು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದು ಆ ಸುಮಾರಿಗೆ. ಆ ಕಾಲದ ಇಂಗ್ಲಿಷ್ ಮಾಲಿಗಳ ಬಾಯಲ್ಲಿ 'ಗ್ರೀನ್ಸ್' ಅಂದರೆ ಬಣ್ಣವಲ್ಲ, ಗಿಡ. ಅದೂ ಎಲ್ಲ ಗಿಡ ಅಲ್ಲ. ಚಳಿಗಾಲದಲ್ಲೂ ಎಲೆ ಉದುರಿಸದ ಗಿಡಗಳು, ಅದರಲ್ಲೂ ಬೆಚ್ಚನೆಯ ನಾಡುಗಳಿಂದ ತಂದ ನಾಜೂಕಿನವು. ಕಿತ್ತಳೆ, ನಿಂಬೆ, ಕಣಗಿಲೆ ಇಂಥವು. ಇಂಗ್ಲೆಂಡಿನ ಹಿಮಕ್ಕೆ ಬಿಟ್ಟರೆ ಇವು ಒಂದೇ ರಾತ್ರಿಗೆ ಕರಕಲು. ಅದಕ್ಕೆ ಇವನ್ನು ತೊಟ್ಟಿಯಲ್ಲಿ ನೆಟ್ಟು, ಸೆಪ್ಟೆಂಬರ್ ಕೊನೆ ಹೊತ್ತಿಗೆ ಒಳಗೆ ಹೊತ್ತು, ಮೇ ತಿಂಗಳಲ್ಲಿ ಮತ್ತೆ ಹೊರಗೆ ಇಡುತ್ತಿದ್ದರು. ಆ ಗಿಡಗಳು ಚಳಿಗಾಲ ಕಳೆಯುವ ಮನೆಯೇ ಗ್ರೀನ್‌ಹೌಸ್. ಹಸಿರು ಬಣ್ಣದ ಮನೆ ಅಲ್ಲ, 'ಗ್ರೀನ್ಸ್' ಅನ್ನುವ ಅತಿಥಿಗಳ ಮನೆ. ಅಂದರೆ ನಮ್ಮ ಅಡುಗೆಮನೆ, ಸೆರೆಮನೆಗಳ ಥರದ್ದೇ ಪದ! ನಮ್ಮಲ್ಲಿಗೆ ಬರುವಾಗ ಮಾತ್ರ ಅತಿಥಿ ಬಿದ್ದುಹೋಗಿ ಬಣ್ಣ ಉಳೀತು.

ಕಣಗಿಲೆ ಗಿಡಕ್ಕೆ ಮನೆ ಅಂದರೆ ನಮ್ಮೂರಲ್ಲಿ ನಗುತ್ತಾರೆ. ಹೈವೇ ನಡುವೆ, ನೀರು ಹಾಕುವವರು ಇಲ್ಲದೆ, ಲಾರಿ ಹೊಗೆ ಕುಡಿದುಕೊಂಡು ಹೂ ಬಿಡುವ ಗಿಡ ಅದು. ಕಿತ್ತಳೆ ಕೊಡಗಿನ ಕಾಫಿ ತೋಟದ ಮಧ್ಯೆ ಮಳೆ ಹೊಯ್ಸಿಕೊಂಡು ನಿಂತಿರುತ್ತೆ. ಆದರೆ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಇದೇ ಕಿತ್ತಳೆಗೋಸ್ಕರ ಇನ್ನೊಂದು ಅರಮನೆ ಕಟ್ಟಿಸಿದ, 1684ರಿಂದ 1686ರವರೆಗೆ. ಕಲ್ಲಿನ ಕಮಾನು, ದಪ್ಪ ಗೋಡೆ, 150 ಮೀಟರ್ ಉದ್ದದ ಹಜಾರ. ಇವತ್ತಿಗೂ ಸಾವಿರಕ್ಕೂ ಹೆಚ್ಚು ಗಿಡಗಳು ಪೆಟ್ಟಿಗೆ ಸಮೇತ ಅಲ್ಲಿ ಚಳಿಗಾಲ ಕಳೆಯುತ್ತವೆ. ಗಮನಿಸಿ, ಗಾಜಿನ ಮಾಡು ಅಲ್ಲ, ಕಲ್ಲಿನ ಮಾಡು. ಎವೆಲಿನ್ ಕಾಲದ ಗ್ರೀನ್‌ಹೌಸ್ ಕೂಡ ಹೆಚ್ಚುಕಡಿಮೆ ಹಾಗೇ. ಗಟ್ಟಿ ಗೋಡೆ, ಗಟ್ಟಿ ಮಾಡು, ದಕ್ಷಿಣಕ್ಕೆ ಮಾತ್ರ ದೊಡ್ಡ ಕಿಟಕಿಗಳು, ಬೆಚ್ಚಗಿಡಲು ಒಲೆ, ಇಲ್ಲವೇ ತಟ್ಟೆಯಲ್ಲಿ ಇದ್ದಿಲ ಕೆಂಡ. ಕೆಂಡದ ಹೊಗೆಗೆ ಗಿಡ ಬಾಡುತ್ತಿತ್ತು. ಅದಕ್ಕೇ ಎವೆಲಿನ್ 1691ರಲ್ಲಿ, ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ಕಾಯಿಸಿ ಒಳಗೆ ಬಿಡುವ ಹೊಸ ಒಲೆಯೊಂದರ ವಿವರ ಬರೆದರು.

ಕೆಂಡದ ತಟ್ಟೆ ಅಂತ ಓದಿದ ಕೂಡಲೇ ನನಗೆ ದೊಡ್ಡಮ್ಮನ ಮನೆ ನೆನಪಾಯಿತು.

ನಮ್ಮದು ಶಿಡ್ಲಘಟ್ಟದ ಕಡೆ. ರೇಷ್ಮೆ ಸೀಮೆ. ದೊಡ್ಡಮ್ಮನ ಮನೆಯಲ್ಲಿ ಅರ್ಧ ಹುಳುಮನೆ, ಅರ್ಧ ಜನರ ಮನೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಜನರ ಅರ್ಧವೂ ಹುಳುವಿಗೇ. ಡಿಸೆಂಬರ್ ರಾತ್ರಿ ಹುಳುಮನೆಯ ಕಿಟಕಿಗೆ ಗೋಣಿತಾಟು ಕಟ್ಟಿ, ಮೂಲೆಯಲ್ಲಿ ಬಾಂಡ್ಲಿಗೆ ಕೆಂಡ ತುಂಬಿ ಇಡುತ್ತಿದ್ದರು. ದೊಡ್ಡಮ್ಮ ನಡುರಾತ್ರಿ ಎದ್ದು ಹೋಗಿ ಹುಳುವಿನ ತಟ್ಟೆಯ ಮೇಲೆ ಅಂಗೈ ಆಡಿಸಿ ನೋಡಿ ಬರುತ್ತಿದ್ದರು, ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ. ಬೇಸಿಗೆಯಲ್ಲಿ ಅದೇ ಗೋಣಿತಾಟಿಗೆ ನೀರು ಚಿಮುಕಿಸುತ್ತಿದ್ದರು. ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಂಕಿಗೆ, ಬಿಡುವವರೆಗೂ ಮನೆಯಲ್ಲಿ ಒಗ್ಗರಣೆಯನ್ನೂ ಹೆದರಿ ಹೆದರಿ ಹಾಕುತ್ತಿದ್ದರು. ನಾವು ಮಕ್ಕಳು? ಜಗುಲಿಯಲ್ಲಿ, ಒಂದೇ ಕಂಬಳಿಯಲ್ಲಿ ಮೂವರು.

ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು 'ನಿಮ್ಮನೆ ಹುಳುಮನೆ ಇದೆಯಲ್ಲ, ಅದೇ ಥರ ಚಳಿ ತಡೆಯದ ಗಿಡಗಳಿಗೆ ಚಳಿ ದೇಶದವರು ಕಟ್ಟಿದ ಮನೆ' ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕ್ಲಾಸಿನಲ್ಲಿ ಅರ್ಧ ಜನ ಹುಳುಮನೆ ಪಕ್ಕದಲ್ಲೇ ಮಲಗಿ ಎದ್ದು ಬಂದವರು. ಪುಸ್ತಕದಲ್ಲಿ ಇರಲಿಲ್ಲ, ಅವರು ಹೇಳಲಿಲ್ಲ.

ಗಿಡಕ್ಕೆ ಇಂಥ ಸೇವೆ ಎವೆಲಿನ್‌ಗಿಂತ ಎಷ್ಟೋ ಹಳೆಯದು. ರೋಮ್ ಚಕ್ರವರ್ತಿ ಟೈಬೀರಿಯಸ್‌ಗೆ ದಿನಾ ಸೌತೆಕಾಯಿ ಬೇಕಿತ್ತಂತೆ. ಪ್ಲಿನಿ ಅನ್ನುವ ರೋಮನ್ ಬರಹಗಾರ ಬರೆದಿಟ್ಟಿದ್ದಾನೆ. ಸೌತೆಕಾಯಿ ಅಂತ ಎಲ್ಲರೂ ಅನುವಾದ ಮಾಡುತ್ತಾರೆ, ತಿಳಿದವರು ಮಾತ್ರ ಅದು ಸೌತೆಯಲ್ಲ, ಕರ್ಬೂಜದ ಜಾತಿಯ ಉದ್ದನೆ ಕಾಯಿ ಅನ್ನುತ್ತಾರೆ, ಅಂದರೆ ನಮ್ಮ ಕೆಕ್ಕರಿಕೆಯ ನೆಂಟ. ಅವನ ಆಳುಗಳು ಚಕ್ರ ಹಾಕಿದ ಪಾತಿಗಳಲ್ಲಿ ಬಳ್ಳಿ ಬೆಳೆಸಿ, ಬಿಸಿಲಿದ್ದಾಗ ಹೊರಗೆ ತಳ್ಳಿ, ಚಳಿಯಲ್ಲಿ ಬೆಳಕು ಹಾಯುವ ತೆಳು ಕಲ್ಲಿನ ಹಲಗೆ ಮುಚ್ಚಿ ಕಾಯುತ್ತಿದ್ದರು. ಸ್ವಲ್ಪ ಆಮೇಲಿನ ಕವಿ ಮಾರ್ಷಿಯಲ್‌ಗೆ ಇದೆಲ್ಲ ನೋಡಿ ಹೊಟ್ಟೆ ಉರಿದಿದೆ. ಸಿರಿವಂತ ಗೆಳೆಯನ ಮನೆಗೆ ಹೋದರೆ ಹಣ್ಣಿನ ಗಿಡಗಳಿಗೆ ಗಾಳಿ ತಾಕದ ಹಾಗೆ ಹೊಳೆಯುವ ಕಿಟಕಿ, ನೆಂಟನಾಗಿ ಬಂದ ಇವನಿಗೆ ಮಾತ್ರ ಕಿಟಕಿ ನೆಟ್ಟಗೆ ಮುಚ್ಚದ ಕೋಣೆ. ನಿನ್ನ ಮನೆಗೆ ನೆಂಟನಾಗಿ ಬರೋದಕ್ಕಿಂತ ನಿನ್ನ ಮರದ ಮನೆಗೆ ನೆಂಟನಾಗಿ ಹೋಗೋದು ವಾಸಿ ಅನ್ನುವ ಅರ್ಥದಲ್ಲಿ ಚುಟುಕ ಬರೆದು ಸೇಡು ತೀರಿಸಿಕೊಂಡ. ಜಗುಲಿಯಲ್ಲಿ ಮಲಗಿದ್ದ ನನಗೆ ಈ ಕವಿ ತುಂಬಾ ಬೇಕಾದವನು.

ಇನ್ನು ಬೇರೆ ಭಾಷೆಯವರು ಇದಕ್ಕೆ ಏನಂತಾರೆ ಅಂತ ನೋಡುತ್ತಾ ಹೋದೆ, ಅಲ್ಲಿ ಅರ್ಧ ರಾತ್ರಿ ಹೋಯಿತು. ಸ್ಪ್ಯಾನಿಷಿನಲ್ಲಿ ಇನ್‌ವೆರ್ನಡೇರೊ, ಚಳಿಗಾಲ ಕಳೆಯುವ ಜಾಗ. ರಷ್ಯನ್ನರಿಗೆ ತೆಪ್ಲಿತ್ಸ, ಬೆಚ್ಚನೆ ತಾಣ. ಜಪಾನಿನವರು ಒನ್‌ಶಿತ್ಸು ಅನ್ನುತ್ತಾರೆ, ಬೆಚ್ಚನೆ ಕೋಣೆ, ಮುಗೀತು. ಫ್ರೆಂಚರ ಸೆರ್ ಅನ್ನೋದು ಮುಚ್ಚಿಡು, ಭದ್ರವಾಗಿಡು ಅನ್ನುವ ಕಡೆಯಿಂದ ಬಂದಿದ್ದು. ಜರ್ಮನರು ಟ್ರೈಬ್‌ಹೌಸ್ ಅನ್ನುತ್ತಾರೆ, ಗಿಡವನ್ನು ಬೇಗ ಬಾ ಬೇಗ ಬಾ ಅಂತ ಹಿಂದಿನಿಂದ ಅಟ್ಟುವ ಮನೆ, ಅವರ ಸ್ವಭಾವಕ್ಕೆ ತಕ್ಕ ಹಾಗಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಡಚ್ಚರದ್ದು. ಬ್ರೂಯ್‌ಕಾಸ್. ಕಾಸ್ ಅಂದರೆ ಪೆಟ್ಟಿಗೆ. ಬ್ರೂಯ್ ಅಂದರೆ ಕೋಳಿ ಮೊಟ್ಟೆ ಮೇಲೆ ಕೂರುತ್ತಲ್ಲ, ಆ ಕಾವು. ಕಾವುಪೆಟ್ಟಿಗೆ! ಇದು ಕನ್ನಡಕ್ಕೆ ನೇರ ಒಪ್ಪುವ ಮಾತು. ಕಾವುಮನೆ ಅಂದಿದ್ದರೆ ಯಾವ ಹುಡುಗಿಯೂ ಗೋಡೆಗೆ ಹಸಿರು ಬಳಿಯುತ್ತಿರಲಿಲ್ಲ. ಇಷ್ಟು ಭಾಷೆಗಳಲ್ಲಿ ಹುಡುಕಿದರೂ ಹಸಿರು ಅಂದಿದ್ದು ಇಂಗ್ಲಿಷರು, ಮತ್ತು ಅವರ ಪದವನ್ನು ತುಂಡು ತುಂಡಾಗಿ ಎತ್ತಿಕೊಂಡ ನಾವು. ತಮಿಳಿನವರದು ಪಸುಮೈ ಇಲ್ಲಂ, ಮರಾಠಿಯವರದು ಹರಿತಗೃಹ. ಒಂದೇ ಅಚ್ಚು.

ಹಾಟ್‌ಹೌಸ್ ಅನ್ನುವ ಇನ್ನೊಂದು ಪದವೂ ಇಂಗ್ಲಿಷಿನಲ್ಲಿದೆ. ಅದು ಗಿಡದ ಕಡೆ ಬಂದಿದ್ದು ತಡವಾಗಿ. 16ನೇ ಶತಮಾನದಲ್ಲಿ ಹಾಟ್‌ಹೌಸ್ ಅಂದರೆ ಜನ ಬಿಸಿನೀರು, ಹಬೆಯಲ್ಲಿ ಮೀಯುವ ಮನೆ. ಹಂಡೆ ಇರುವ ನಮ್ಮ ಬಚ್ಚಲುಮನೆ ಅನ್ನಿ.

ಆದರೂ ಹಸಿರುಮನೆ ಅಂತ ಪದ ಕಟ್ಟಿದವರನ್ನು ನಾನು ಪೂರ್ತಿ ಬೈಯಲಾರೆ. ಯಾಕೆಂದರೆ ಕನ್ನಡದ ಹಸಿರೂ ಬರೀ ಬಣ್ಣವಲ್ಲ. ಹಸಿ, ಹಸಿರು, ಪಚ್ಚೆ, ಹಚ್ಚೆ ಎಲ್ಲ ಒಂದೇ ಬೇರಿನವು. ಹಸಿಮೆಣಸಿನಕಾಯಿ ಅಂದಾಗ ನಾವು ಹೇಳುತ್ತಿರುವುದು ಬಣ್ಣವೋ, ಒಣಗಿಲ್ಲ ಅನ್ನೋದೋ? ಎರಡೂ. ಹಸಿ ಗೋಡೆ, ಹಸಿ ಗಾಯ, ಹಸಿ ಬಾಣಂತಿ, ಕೊನೆಗೆ ಹಸಿ ಸುಳ್ಳು ಕೂಡ. ಮಾರ್ಕೆಟ್ಟಿನ ಪಚ್ಚಬಾಳೆ ಹಣ್ಣಾದರೂ ಪಚ್ಚೆಯೇ. ಇಂಗ್ಲಿಷಿನ ಗ್ರೀನ್ ಕೂಡ ಹೀಗೇ, ಬೆಳೆಯುವುದು ಅನ್ನುವ ಗ್ರೋ, ಹುಲ್ಲು ಅನ್ನುವ ಗ್ರಾಸ್, ಈ ಗ್ರೀನ್, ಮೂರೂ ಅಕ್ಕತಂಗಿಯರು. ಎರಡು ಭಾಷೆಗಳೂ ತಮ್ಮ ಪಾಡಿಗೆ ತಾವು, ಬೆಳೆಯುತ್ತಿರುವ ಒದ್ದೆ ಜೀವಕ್ಕೆ ಒಂದು ಬಣ್ಣ ಹಚ್ಚಿವೆ. ಹಾಗೆ ನೋಡಿದರೆ ಹಸಿರುಮನೆ ಅನ್ನೋದು ಕೆಟ್ಟ ಅನುವಾದವಲ್ಲ. ಇವತ್ತಿನ ಇಂಗ್ಲಿಷ್ 'ಗ್ರೀನ್ಸ್' ಹಿಡಿದು ಅನುವಾದ ಮಾಡಿದ್ದರೆ ಸೊಪ್ಪಿನಮನೆ ಆಗಿರೋದು, ಇನ್ನೂ ಮೋಜು.

ಸರಿ, ಲಾಲ್‌ಬಾಗ್. ಮೇಷ್ಟ್ರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಗಟ್ಟಿ ಮಾಡಿನ ಗ್ರೀನ್‌ಹೌಸು ಗಾಜಿನದಾಗಿ ಎಲ್ಲೆಡೆ ಹರಡಿದ್ದು 19ನೇ ಶತಮಾನದಲ್ಲಿ. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಇತ್ತು, 1845ರಲ್ಲಿ ತೆಗೆದರು. ಆರೇ ವರ್ಷಕ್ಕೆ, 1851ರಲ್ಲಿ, ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ನಿಲ್ಲಿಸಿದರು. ಪ್ಯಾಕ್ಸ್‌ಟನ್ ಕಸುಬಿನಿಂದ ತೋಟಗಾರ, ಗ್ರೀನ್‌ಹೌಸ್ ಕಟ್ಟಿ ಕಟ್ಟಿ ಕಲಿತ ಕೈ. ಆ ಗಾಜಿನ ಅರಮನೆಯ ಗುಂಗು ನಲವತ್ತು ವರ್ಷ ತಡವಾಗಿ ಬೆಂಗಳೂರಿಗೂ ಬಂತು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಕೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿಸಿದರು. ಆಗ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್, ನಮ್ಮ ಸಾಂಬಾರಿಗೆ ಸೀಮೆಬದನೆಕಾಯಿ ತಂದುಕೊಟ್ಟ ಪುಣ್ಯಾತ್ಮ. ಕಬ್ಬಿಣದ ಕಂಬ ಕಮಾನು ಗ್ಲಾಸ್ಗೋದಿಂದ ಬಂದವು.

ಆದರೆ ಬೆಂಗಳೂರಿನ ಚಳಿಗೆ ಯಾವ ಗಿಡ ಸಾಯುತ್ತೆ ಹೇಳಿ? ಗಾಜಿನ ಮನೆ ನಮಗೆ ಗಿಡ ಕಾಯುವ ಮನೆಯಾಗಿ ಗೊತ್ತೇ ಇಲ್ಲ. ಜನವರಿ 26, ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ನೂಕುನುಗ್ಗಲಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಗುಲಾಬಿಯಲ್ಲಿ ಮಾಡಿದ ಗೋಪುರಕ್ಕೆ ಮೊಬೈಲ್ ಎತ್ತಿ ಹಿಡಿದು, ಹೊರಗೆ ಬಂದು ಮಸಾಲೆ ಹಾಕಿದ ಮಾವಿನಕಾಯಿ ತಿನ್ನುವ ಜಾಗ ಅದು. ಜನರ ಮನೆ. ಅದಕ್ಕೇ ಕನ್ನಡದ ಜನ ಅದನ್ನು ಯಾವತ್ತೂ ಹಸಿರುಮನೆ ಅನ್ನಲಿಲ್ಲ. ಕಣ್ಣಿಗೆ ಕಂಡಿದ್ದು ಗಾಜು, ಗಾಜಿನ ಮನೆ ಅಂದರು. ಅಂದಹಾಗೆ, ನಿಜವಾಗಿ ಹಸಿರು ಬಣ್ಣದ ಗ್ರೀನ್‌ಹೌಸ್ ಒಂದು ಇತ್ತು. ಲಂಡನ್ನಿನ ಕ್ಯೂ ತೋಟದಲ್ಲಿ 1848ಕ್ಕೆ ಮುಗಿದ ತಾಳೆಮನೆಗೆ ಬಿಸಿಲಿನ ಝಳ ತಗ್ಗಲಿ ಅಂತ ಶುರುವಿಗೆ ಹಸಿರು ಛಾಯೆಯ ಗಾಜು ಹಾಕಿದ್ದರು. ಅದು ಗೊತ್ತಿದ್ದರೆ ಮೇಷ್ಟ್ರ ಹತ್ತಿರ ಅರ್ಧ ಮಾರ್ಕಿಗೆ ಜಗಳ ಆಡಬಹುದಿತ್ತು.

ದೊಡ್ಡಮ್ಮನ ಮಗ, ನಮ್ಮಣ್ಣ, ಕೆಲವು ವರ್ಷದ ಹಿಂದೆ ಹಿಪ್ಪುನೇರಳೆ ತೋಟ ಅರ್ಧ ಕಿತ್ತು ಪಾಲಿಹೌಸ್ ಹಾಕಿದ. ಒಂದೆಕರೆ. ಒಳಗೆ ಕ್ಯಾಪ್ಸಿಕಂ, ಕೆಂಪು ಮತ್ತು ಹಳದಿ. ಪದದ ಹುಚ್ಚು ಹತ್ತಿದ ಮೇಲೆ ಮಗಳನ್ನು ಕರಕೊಂಡು ಹೋದೆ.

ಎರಡು ಬಾಗಿಲು. ಮೊದಲನೆಯದು ಹಾಕಿದ ಮೇಲೇ ಎರಡನೆಯದು ತೆಗೆಯಬೇಕು. ನಾನು ಎರಡನ್ನೂ ಒಟ್ಟಿಗೆ ತೆಗೆದೆ. 'ಏಯ್, ಬಾಗಿಲು ಹಾಕಮ್ಮ ಮೊದ್ಲು, ಥ್ರಿಪ್ಸ್ ಹುಳ ಬಂದುಬಿಡ್ತವೆ' ಅಂತ ಒಳಗಿಂದ ಕೂಗಿದ. ಒಳಗೆ ಹೆಜ್ಜೆ ಇಟ್ಟ ಕೂಡಲೇ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ಗಿಡಗಳು ನನಗಿಂತ ಎತ್ತರ, ಪ್ರತಿಯೊಂದಕ್ಕೂ ಮೇಲಿನ ತಂತಿಯಿಂದ ದಾರ ಇಳಿಬಿಟ್ಟು ಕಟ್ಟಿದ್ದಾರೆ. ಕಾಲ ಬುಡದಲ್ಲಿ ಡ್ರಿಪ್ ಪೈಪು. ತಲೆ ಮೇಲೆ ಹಾಲುಬಣ್ಣದ 200 ಮೈಕ್ರಾನ್ ಪ್ಲಾಸ್ಟಿಕ್. ಅದರಿಂದ ಇಳಿಯುವ ಬೆಳಕಿಗೆ ನೆರಳೇ ಇಲ್ಲ, ಯಾವ ಕಡೆ ಸೂರ್ಯ ಇದ್ದಾನೆ ಅಂತಲೂ ತಿಳಿಯಲ್ಲ. ಎಲೆ ಸರಿಸಿದರೆ ಇನ್ನೂ ಬಣ್ಣ ತಿರುಗದ ಕಾಯಿ, ಭುಜದ ಹತ್ತಿರ ಮಾತ್ರ ಹಳದಿ ಒಂದು ಗೆರೆ ಎಳೆದ ಹಾಗೆ. ಐದು ನಿಮಿಷಕ್ಕೆ ನನ್ನ ಬ್ಲೌಸಿನ ಬೆನ್ನು ಒದ್ದೆ.

'ಇಷ್ಟು ಬಿಸಿ ಬೇಕಾ ಇದಕ್ಕೆ?' ಅಂತ ಕೇಳಿದೆ.

'ಬಿಸಿ ಯಾರಿಗೆ ಬೇಕಮ್ಮ? ಬಿಸಿ ನಮ್ಮೂರಲ್ಲಿ ಬಿಟ್ಟಿ ಸಿಗುತ್ತೆ. ಮಳೆ ಬೀಳಬಾರ್ದು, ಹುಳ ಬರಬಾರ್ದು, ಅದಕ್ಕೆ ಇದು. ಬಿಸಿ ಹೊರಗೆ ಹಾಕೋದೇ ನನಗೆ ದಿನಾ ಕೆಲಸ' ಅಂದ. ಮಾಡಿನ ತುದಿಯಲ್ಲಿ ಉದ್ದಕ್ಕೆ ಬಿಟ್ಟ ಗಾಳಿಗಂಡಿ ತೋರಿಸಿದ. ಆಮೇಲೆ ಪಕ್ಕದ ಹಿಡಿಕೆ ತಿರುಗಿಸಿದ. ಪ್ಲಾಸ್ಟಿಕ್ ಪರದೆ ಪೈಪಿಗೆ ಸುತ್ತಿಕೊಳ್ಳುತ್ತಾ ಮೇಲೆ ಹೋಯಿತು, ಬಲೆ ಮಾತ್ರ ಉಳಿಯಿತು. ಎರಡು ನಿಮಿಷಕ್ಕೆ ಗಾಳಿ ಆಡಿತು, ಬೆನ್ನು ತಣ್ಣಗಾಯಿತು.

ಅಣ್ಣನ ಗೇಟಿನ ಪಕ್ಕ ಒಂದು ಬೋರ್ಡಿದೆ, ಸಬ್ಸಿಡಿಗೆ ಹಾಕಲೇಬೇಕಾದದ್ದು. ಅದರಲ್ಲಿ 'ಹಸಿರು ಮನೆ' ಅಂತಿದೆ. ಬ್ಯಾಂಕಿನ ಫೈಲಿನಲ್ಲಿ ಪಾಲಿಹೌಸ್. ಕೆಲಸಕ್ಕೆ ಬರುವ ಹೆಂಗಸರು ಶೆಡ್ಡು ಅನ್ನುತ್ತಾರೆ. ತಮಾಷೆ ಏನಂದರೆ ಪಕ್ಕದ ಹೊಲದಲ್ಲಿ ಸಸಿ ಬೆಳೆಸಲು ಹಾಕಿದ ನೆರಳು ಬಲೆ, ಶೇಡ್ ನೆಟ್ಟು, ಅದು ಕಣ್ಣು ಕೋರೈಸುವ ಹಸಿರು. ಹಸಿರುಮನೆ ಯಾವುದು ತೋರಿಸಿ ಅಂದರೆ ಯಾರಾದರೂ ಅದನ್ನೇ ತೋರಿಸುತ್ತಾರೆ. ನನ್ನ ಮಗಳೂ ಅದನ್ನೇ ತೋರಿಸಿದಳು.

ಪರದೆ ಸುತ್ತಿದ ಕೂಡಲೇ ಬೆನ್ನು ತಣ್ಣಗಾಯಿತು ಅಂದೆನಲ್ಲ, ಅಲ್ಲೇ ಹಸಿರುಮನೆ ಪರಿಣಾಮ ಅನ್ನುವ ಪದದ ಎಡವಟ್ಟು ಇರೋದು. ಫ್ರೆಂಚ್ ಗಣಿತಜ್ಞ ಫೂರಿಯೆ 1824ರಲ್ಲಿ, ಭೂಮಿಯ ಗಾಳಿಯ ಹೊದಿಕೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತೆ ಅಂತ ಬರೆದಾಗ ಹೋಲಿಸಿದ್ದು ಸೊಸ್ಯೂರ್ ಅನ್ನುವವರ ಗಾಜು ಮುಚ್ಚಿದ ಪೆಟ್ಟಿಗೆಗೆ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ನೋಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಜಾಸ್ತಿ ಬಿಸಿಯಾಯಿತು, ಬಿಸಿಲಿಂದ ತೆಗೆದ ಮೇಲೆ ಆರಲು ಎಷ್ಟೋ ಪಟ್ಟು ಹೊತ್ತು ಹಿಡಿಯಿತು. ಯಾವ ಅನಿಲ ಎಷ್ಟು ಶಾಖ ಕುಡಿಯುತ್ತೆ ಅಂತ 1859ರಿಂದ ಅಳೆಯತೊಡಗಿದ ಜಾನ್ ಟಿಂಡಾಲ್ ನೀರಿನ ಆವಿಯನ್ನು ಕಂಬಳಿ ಅಂದರು, ಇಂಗ್ಲೆಂಡಿನ ಗಿಡಗಳಿಗೆ ಆ ಕಂಬಳಿ ಮನುಷ್ಯರಿಗೆ ಬಟ್ಟೆ ಇರುವುದಕ್ಕಿಂತ ಮುಖ್ಯ ಅಂದರು. ಎಷ್ಟು ಚೆಂದದ ಮಾತು. ಅದೇ ಉಳಿದಿದ್ದರೆ ನಾವು ಕಂಬಳಿ ಪರಿಣಾಮ ಅಂತ ಓದುತ್ತಿದ್ದೆವು. ಆದರೆ ಉಳಿದಿದ್ದು ಸ್ವೀಡನ್ನಿನವರ ಹೋಲಿಕೆ. ಅರೇನಿಯಸ್ 1896ರಲ್ಲಿ ಹಾಟ್‌ಹೌಸಿನ ಗಾಜಿನ ಮಾತು ತೆಗೆದರು, 1901ರಲ್ಲಿ ಅವರ ಗೆಳೆಯ ಎಕ್‌ಹೋಮ್ ಗ್ರೀನ್‌ಹೌಸ್ ಅನ್ನೋದನ್ನು ತಂದರು.

1909ರಲ್ಲಿ ಅಮೆರಿಕದ ಆರ್.ಡಬ್ಲ್ಯು. ವುಡ್ ಅನ್ನುವ ಭೌತವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಎರಡು ಕಪ್ಪು ಪೆಟ್ಟಿಗೆ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಸೈಂಧವ ಉಪ್ಪಿನ ತೆಳು ಹಲಗೆಯ ಮುಚ್ಚಳ. ಅತಿಗೆಂಪು ಕಿರಣವನ್ನು ಗಾಜು ತಡೆಯುತ್ತೆ, ಉಪ್ಪಿನ ಹಲಗೆ ಬಿಟ್ಟುಕೊಡುತ್ತೆ. ಗಾಜಿನ ಗುಟ್ಟು ಕಿರಣ ತಡೆಯೋದೇ ಆಗಿದ್ದರೆ ಉಪ್ಪಿನ ಪೆಟ್ಟಿಗೆ ತಣ್ಣಗಿರಬೇಕಿತ್ತು. ಎರಡೂ ಹತ್ತಿರ ಹತ್ತಿರ 55 ಡಿಗ್ರಿಗೆ ಬಂದು ನಿಂತವು, ಒಂದು ಡಿಗ್ರಿಯಷ್ಟೂ ವ್ಯತ್ಯಾಸ ಇರಲಿಲ್ಲ. ಅಂದರೆ ಗ್ರೀನ್‌ಹೌಸ್ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿ ಗಾಳಿ ಹೊರಗೆ ಹೋಗದೆ ಇರೋದರಿಂದ. ನಮ್ಮಣ್ಣ ಹಿಡಿಕೆ ತಿರುಗಿಸಿ ತೋರಿಸಿದ್ದೂ ಅದೇ. ಭೂಮಿಯ ಕತೆ ಬೇರೆ. ಅಲ್ಲಿ ಗಾಳಿಯನ್ನು ಯಾರೂ ಕೂಡಿ ಹಾಕಿಲ್ಲ, ನೆಲದಿಂದ ಹೊರಟ ಶಾಖವನ್ನು ಗಾಳಿಯಲ್ಲಿರುವ ಆವಿ, ಇಂಗಾಲದ ಡೈಆಕ್ಸೈಡು ಹೀರಿಕೊಂಡು ದೊಡ್ಡ ಪಾಲನ್ನು ನೆಲಕ್ಕೇ ವಾಪಸ್ ಕಳಿಸುತ್ತವೆ. ಹಾಗಾಗಿ ಹಸಿರುಮನೆ ಪರಿಣಾಮದಲ್ಲಿ ಹಸಿರೂ ಇಲ್ಲ, ಮನೆಯೂ ಇಲ್ಲ.

ಮಗಳಿಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದೆ, ನೋಡು ಚಿನ್ನ, ಈ ಹೋಲಿಕೆ ಹುಡುಕಿದವರು ಹಿಮದ ದೇಶದವರು. ಅವರ ಊರಲ್ಲಿ ಗ್ರೀನ್‌ಹೌಸ್ ಅಂದರೆ ಹೊರಗೆ ಮಂಡಿಯುದ್ದ ಹಿಮ ಬಿದ್ದಿರುವಾಗ ಒಳಗೆ ಕಿತ್ತಳೆ ಹಣ್ಣಾಗುವ ಜಾಗ. ಬೈಯೋಕೆ ಇಟ್ಟ ಹೆಸರಲ್ಲ. ಭೂಮಿ ಬಿಸಿಯಾದರೆ ಚಳಿ ನಾಡುಗಳಿಗೆ ಒಳ್ಳೇದೇ ಆಗುತ್ತೆ ಅಂತ ಅರೇನಿಯಸ್ ಖುಷಿಯಿಂದಲೇ ಬರೆದಿದ್ದರು. ಹಸಿರು ಅಂದ್ರೆ ಪರಿಸರ, ಹಸಿರು ಅಂದ್ರೆ ಒಳ್ಳೇದು ಅನ್ನೋದು ಜೋರಾಗಿದ್ದು ಆಮೇಲೆ, ಗ್ರೀನ್‌ಪೀಸ್ ಹುಟ್ಟಿದ್ದು 1971ರಲ್ಲಿ, ಜರ್ಮನಿಯ ಗ್ರೀನ್ ಪಾರ್ಟಿ 1980ರಲ್ಲಿ. ಎರಡು ಬೇರೆ ಬೇರೆ ಹಸಿರು, ಒಂದೇ ಬಸ್ಸು ಹತ್ತಿಬಿಟ್ಟಿವೆ.

'ಹಾಗಾದ್ರೆ ಆ ಗ್ಯಾಸ್ ಒಳ್ಳೇದಾ ಕೆಟ್ಟದ್ದಾ?'

ಅದಿಲ್ಲದಿದ್ದರೆ ಭೂಮಿಯ ಸರಾಸರಿ ಬಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು, ಇರೋದರಿಂದ 15ರ ಹತ್ತಿರ ಇದೆ. ಕಾರ್ಖಾನೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 280 ಪಾಲಿತ್ತು, ಈಗ 420 ದಾಟಿದೆ. ಕಂಬಳಿ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ ಹಾಗಾಯ್ತು ಅಂದೆ. ಅವಳಿಗೆ ಕಂಬಳಿ ಅಂದರೆ ಏನು ಅಂತ ವಿವರಿಸಬೇಕಾಯಿತು. ದೇವನಹಳ್ಳಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಪ್ರಾಜೆಕ್ಟಿಗೆ ಅಣ್ಣನ ಪಾಲಿಹೌಸ್ ಫೋಟೋ ಬೇಕಿತ್ತು. ಎರಡು ದಿನ ಬಿಟ್ಟು ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮನೆ ನಂಬರಿಗೆ ಮಾಡಿದರೆ ದೊಡ್ಡಮ್ಮ ಎತ್ತಿದರು. ನಲವತ್ತು ವರ್ಷ ಹುಳು ಸಾಕಿದ ದೊಡ್ಡಮ್ಮ, ಬೋರ್ಡು ಓದಲು ಬಾರದ ದೊಡ್ಡಮ್ಮ.

'ಅಣ್ಣ ಎಲ್ಲಿ ದೊಡ್ಡಮ್ಮ?'

'ಅವ್ನು ಗಿಡದ್ಮನೇಲವ್ನೆ ಕಣಮ್ಮಿ. ಅಲ್ಲಿ ಸಿಗ್ನಲ್ ಇರಾಕಿಲ್ಲ, ಸಂಜೆ ಮಾಡು.'